ಅಣ್ಣನ ಗೆರೆ

ಫೆಬ್ರವರಿ 4

ಪ್ರೀತಿಯ ಗೊಣಗಮ್ಮನಿಗೆ,

ಅತ್ತಿಗೆಗೆ ಈ ವಯಸ್ಸಿನಲ್ಲಿ ಕಾಗದ ಬರೆಯುವ ಚಟ ಹತ್ತಿತಲ್ಲ ಎಂದು ಮೂಗು ಮುರಿಯಬೇಡ. ಫೋನಿನಲ್ಲಿ ಮಾತಾಡೋಣವೆಂದರೆ ನಿನ್ನಣ್ಣ ಪಕ್ಕದಲ್ಲೇ ಕೂತಿರುತ್ತಾರೆ. ಸ್ಟುಡಿಯೋದ ಮೇಲ್‌ಗೆ ಬರೆಯೋಣವೆಂದರೆ, ಸ್ಟುಡಿಯೋ ಮಾರುವ ವ್ಯಾಪಾರ ಮುಗಿಯುವ ತನಕ ಅದಕ್ಕೆ ಬಂದದ್ದನ್ನೆಲ್ಲ ಕಂಪನಿಯ ವಕೀಲರು ಓದುತ್ತಾರಂತೆ. ಅತ್ತಿಗೆ ನಾದಿನಿಯ ಜಗಳವನ್ನು ವಕೀಲರಿಗೆ ಪುಕ್ಕಟೆ ಯಾಕೆ ತೋರಿಸುವುದು ಎಂದು ಅಂಚೆ ಕಚೇರಿ ಹುಡುಕಿಕೊಂಡು ಹೋದೆ.

ನಾವು ಇಲ್ಲಿಗೆ ಬಂದು ಒಂದು ತಿಂಗಳಾಯಿತು. ಕಂಪನಿ ಕೊಟ್ಟಿರುವ ಮನೆ ಹದಿನಾಲ್ಕನೇ ಮಹಡಿಯಲ್ಲಿದೆ. ಎಲ್ಲ ಅನುಕೂಲವೂ ಇದೆ, ಕಿಟಕಿ ತೆರೆಯುವುದಿಲ್ಲ ಅಷ್ಟೆ. ಸೋಫಾ ಎಷ್ಟು ಮೆತ್ತಗೆ ಎಂದರೆ ಕೂತವರನ್ನು ಎಬ್ಬಿಸಲು ಇನ್ನೊಬ್ಬರು ಬೇಕು. ನಿನ್ನಣ್ಣ ಬೆಳಿಗ್ಗೆ ಹೋದರೆ ಸಂಜೆಗೆ ಬರುತ್ತಾರೆ. ಉದ್ದನೆಯ ಮೇಜಂತೆ, ಆಚೆ ಕಡೆ ಸಾಲಾಗಿ ಕಂಪನಿಯವರು, ಈಚೆ ಇವರು ಮತ್ತು ನಮ್ಮ ವಕೀಲರು. ನಮ್ಮ ವಕೀಲರಿಗೆ ಮಧ್ಯಾಹ್ನದ ನಿದ್ದೆ ಜಾಸ್ತಿ.

ಮಕ್ಕಳ ಚಾನೆಲ್ಲು, ಸಿನಿಮಾ ಮಂದಿರ, ಜಾರುಬಂಡೆಯ ಪಾರ್ಕು ಎಲ್ಲ ಇರುವ ಕಂಪನಿಗೆ ಈಗ ನಮ್ಮ ಕಾರ್ಟೂನಿನ ಸೋಮಾರಿ ಕತ್ತೆಯೂ ಬೇಕಾಗಿದೆ. ಯಾರ ಮೂಟೆಯನ್ನೂ ಹೊರದ ಕತ್ತೆ ಮೂರು ಸಿನಿಮಾದಲ್ಲಿ ನಮ್ಮೆಲ್ಲರ ಸಂಸಾರ ಹೊತ್ತಿತು, ಇನ್ನು ಮೇಲೆ ಕಂಪನಿಯದನ್ನೂ ಹೊರಲಿ ಬಿಡಿ ಎಂದೆ. ಇವರು ನಗಲಿಲ್ಲ.

ಇವರದು ಒಂದೇ ಷರತ್ತು. ಸ್ಟುಡಿಯೋದ ಒಬ್ಬರನ್ನೂ ಮನೆಗೆ ಕಳಿಸಬಾರದು, ಅದರಲ್ಲೂ ಗೆರೆ ತಿದ್ದುವ ನಿನ್ನ ಕ್ಲೀನ್‌ಅಪ್ ಕೋಣೆಯವರನ್ನು. ಕಂಪನಿಯವರು ಎರಡು ವರ್ಷ ಇಟ್ಟುಕೊಳ್ಳುತ್ತೇವೆ ಎಂದರು, ಇವರು ಐದು ಎಂದು ಪಟ್ಟು ಹಿಡಿದರು. ಕೊನೆಗೆ ಆ ಕಡೆಯ ಮುಖ್ಯಸ್ಥೆ, ಇಲ್ಲಿ ಎಲ್ಲರೂ ಅವರನ್ನು ದೊಡ್ಡ ಮೇಡಂ ಎನ್ನುತ್ತಾರೆ, ಐದಕ್ಕೆ ಒಪ್ಪಿದರು. ಆದರೆ ಅವರದೂ ಒಂದು ಷರತ್ತು ಬಂತು. ಆ ಐದು ವರ್ಷವೂ ಮುಖ್ಯ ದೃಶ್ಯಗಳನ್ನೆಲ್ಲ ನಿನ್ನಣ್ಣನೇ ಕೈಯಾರೆ ಬರೆಯಬೇಕು. ಕತ್ತೆಯನ್ನು ಯಾರು ಬೇಕಾದರೂ ಬರೆದಾರು, ತಾವು ಕೊಳ್ಳುತ್ತಿರುವುದು ಈ ಗೆರೆಯನ್ನು ಎನ್ನುವುದು ಅವರ ವಾದ. ಸಹಿ ಮಾರ್ಚ್ ಇಪ್ಪತ್ತಕ್ಕೆ.

ಯೋಚಿಸಿ ಹೇಳುತ್ತೇನೆ ಎಂದು ಬಂದಿದ್ದಾರೆ. ಬದುಕೆಲ್ಲ ಮಾಡಿದ ಕೆಲಸ, ಯೋಚಿಸುವುದೇನಿದೆ ಎಂದು ಕೇಳಿದ್ದಕ್ಕೆ ಸಿಡುಕಿದರು. ತುಂಬ ದಣಿದಿದ್ದಾರೆ. ಮೀಟಿಂಗಿನಲ್ಲಿ ಕಪ್ಪು ಚಿಕ್ಕದು ಎಂದು ಚಹಾ ಕುಡಿಯುವುದನ್ನೇ ಬಿಟ್ಟಿದ್ದಾರೆ. ಮನೆಯಲ್ಲಿ ದೊಡ್ಡ ಲೋಟದಲ್ಲಿ ಅರ್ಧ ಹಾಕಿ ಕೊಡುತ್ತೇನೆ.

ಒಂದು ಮಾತು ಕೇಳುತ್ತೇನೆ, ಸುತ್ತಿ ಬಳಸದೆ ಹೇಳು. ಈಚೆಗೆ ಅವರ ಕೆಲಸ ಹೇಗಿದೆ? ಅವರ ಹಾಳೆ ಮೊದಲು ಬರುವುದು ನಿನ್ನ ಕೈಗೆ. ನಿನಗಿಂತ ಚೆನ್ನಾಗಿ ಹೇಳುವವರು ಯಾರೂ ಇಲ್ಲ.

ನಿನ್ನ ಅತ್ತಿಗೆ


ಫೆಬ್ರವರಿ 12

ಅತ್ತಿಗೆಗೆ ನಮಸ್ಕಾರ.

ನಿಮ್ಮ ಅಕ್ಷರ ನೋಡಿ ಎಷ್ಟು ಕಾಲವಾಗಿತ್ತು. ಇನ್ನೂ ಹಾಗೇ ಇದೆ, ಸಾಲು ಬಲಗಡೆಗೆ ಜಾರುತ್ತದೆ. ನನ್ನ ಕೋಣೆಯಲ್ಲಿ ಕೆಲಸಕ್ಕಿದ್ದಿದ್ದರೆ ವಾರದೊಳಗೆ ಬೈಸಿಕೊಂಡು ಓಡಿಹೋಗುತ್ತಿದ್ದಿರಿ.

ಇಲ್ಲಿ ವಿಷಯ ಎಲ್ಲರಿಗೂ ಗೊತ್ತಾಗಿದೆ. ಯಾರೂ ಬಾಯಿ ಬಿಟ್ಟು ಕೇಳುವುದಿಲ್ಲ. ನನ್ನ ಹದಿಮೂರು ಜನ ಹೊತ್ತಿಗೆ ಮುಂಚೆ ಬರುತ್ತಾರೆ, ಹೊತ್ತು ಮೀರಿದರೂ ಏಳುವುದಿಲ್ಲ. ಕೆಲಸ ಹೋಗುತ್ತದೆಂಬ ಭಯಕ್ಕೆ ಮನುಷ್ಯರು ಎಷ್ಟು ಶಿಸ್ತಾಗುತ್ತಾರೆ ನೋಡಿ. ನಮ್ಮ ಕನ್ನಡಕದವರು, ಅದೇ ಎಲ್ಲರಿಗಿಂತ ಹಿರಿಯರು, ಮೊನ್ನೆ ಮೆಲ್ಲಗೆ ನನ್ನ ಹತ್ತಿರ ಬಂದು, "ಈ ವಯಸ್ಸಲ್ಲಿ ನನ್ನನ್ನ ಯಾರು ಕರೀತಾರಮ್ಮ" ಅಂದರು. ಏನೂ ಆಗುವುದಿಲ್ಲ ಎಂದು ಸಮಾಧಾನ ಮಾಡಿದೆ. ನನಗೇನು ಗೊತ್ತು?

ಕಂಪನಿಯಿಂದ ಮೂವರು ಬಂದು ಮೇಜು, ಕುರ್ಚಿ, ದೀಪ ಎಲ್ಲ ಎಣಿಸಿ ಬರೆದುಕೊಂಡರು. ನಮ್ಮ ಕೋಣೆಗೆ ಬಂದು ಇಲ್ಲಿ ಏನು ಕೆಲಸ ಎಂದು ಕೇಳಿದರು. ಅಣ್ಣ ಮೊದಲು ಕಚ್ಚಾ ಚಿತ್ರ ಬರೆಯುತ್ತಾನೆ, ಕತ್ತೆಯ ಒಂದು ಬೆನ್ನಿಗೆ ಹತ್ತು ಗೆರೆ. ನಾವು ಅದನ್ನು ದೀಪದ ಗಾಜಿನ ಮೇಲಿಟ್ಟು, ಮೇಲೆ ಹೊಸ ಹಾಳೆ ಹಾಸಿ, ಆ ಹತ್ತರಲ್ಲಿ ಸರಿಯಾದ ಒಂದನ್ನು ಹುಡುಕಿ ಎಳೆಯುತ್ತೇವೆ ಎಂದು ವಿವರಿಸಿದೆ. "ಓ, ಕಾಪಿ ಮಾಡ್ತೀರಿ" ಅಂದ ಒಬ್ಬ. ಕನ್ನಡಕದವರು ಆ ದಿನ ಊಟ ಮಾಡಲಿಲ್ಲ.

ಹೊರಡುವಾಗ ಕಳೆದ ಸಿನಿಮಾದ ಅಣ್ಣನ ಕಚ್ಚಾ ಚಿತ್ರಗಳನ್ನು ಕೇಳಿದರು. ಬೀರುವಿನ ಬೀಗದ ಕೈ ಕಳೆದಿದೆ ಎಂದೆ. ನಮ್ಮ ಮ್ಯಾನೇಜರು ಓಡಿಹೋಗಿ ಇನ್ನೊಂದು ತಂದುಕೊಟ್ಟರು. ಮಹಾ ಉಪಕಾರಿ. ಕಟ್ಟುಗಟ್ಟಲೆ ಹೊತ್ತುಕೊಂಡು ಹೋದರು.

ಅಣ್ಣನ ಕೆಲಸ ಕೇಳಿದಿರಿ. ಅದಕ್ಕೇನಾಗಿದೆ? ಮೊದಲಿಗಿಂತ ಚೆನ್ನಾಗಿದೆ. ಇಲ್ಲದ್ದನ್ನು ತಲೆಗೆ ಹಚ್ಚಿಕೊಳ್ಳಬೇಡಿ. ಸಹಿ ಹಾಕಲಿ, ನಮ್ಮವರ ಮನೆಗಳಲ್ಲಿ ಒಲೆ ಉರಿಯಲಿ.

ನಿಮ್ಮ ನಾದಿನಿ


ಫೆಬ್ರವರಿ 12, ಮಧ್ಯಾಹ್ನ

ಅತ್ತಿಗೆ,

ಬೆಳಿಗ್ಗೆ ಬರೆದದ್ದನ್ನು ಅಂಚೆಗೆ ಹಾಕಿ ಬಂದೆ. ಇದನ್ನು ಹಾಕುವುದಿಲ್ಲ. ಎಲ್ಲಾದರೂ ಒಂದು ಕಡೆ ಹೇಳಿಕೊಳ್ಳದಿದ್ದರೆ ನನ್ನಿಂದ ಆಗುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಅಣ್ಣನ ಕೈ ನಡುಗುತ್ತದೆ. ಎರಡು ವರ್ಷವಾಯಿತು. ಅವನ ಹಾಳೆಯಲ್ಲಿ ಕತ್ತೆಯ ಬೆನ್ನು ಗರಗಸದ ಹಲ್ಲಿನ ಹಾಗೆ ಬರತೊಡಗಿತು. ಮೊದಲು ಮೇಜು ಅಲುಗಿರಬೇಕು ಎಂದುಕೊಂಡೆ. ಆಮೇಲೆ ಒಂದು ದಿನ ಅವನ ಕೋಣೆಯ ಬಾಗಿಲು ತಳ್ಳಿದರೆ, ಎಡಗೈಯಲ್ಲಿ ಬಲಗೈಯ ಮಣಿಕಟ್ಟು ಹಿಡಿದುಕೊಂಡು ಬರೆಯುತ್ತಿದ್ದ. ನನ್ನನ್ನು ನೋಡಲಿಲ್ಲ. ಬಾಗಿಲು ಮುಂದೆ ಮಾಡಿಕೊಂಡು ಬಂದುಬಿಟ್ಟೆ.

ಆ ಹಾಳೆಗಳು ನನ್ನ ಕೋಣೆಗೆ ಹೋದರೆ ಹದಿಮೂರು ಜನಕ್ಕೂ ತಿಳಿಯುತ್ತಿತ್ತು. ಹಾಗಾಗಿ ಯಾರೂ ನೋಡುವ ಮೊದಲು ನಾನೇ ತೆಗೆದುಕೊಂಡು, ಅವನು ಮೊದಲು ಹೇಗೆ ಬರೆಯುತ್ತಿದ್ದನೋ ಹಾಗೆ, ಅದೇ ಹತ್ತು ಗೆರೆ, ಅದೇ ಅವಸರ, ಹೊಸ ಕಚ್ಚಾ ಚಿತ್ರ ಬರೆದು ಕೋಣೆಗೆ ಕೊಟ್ಟೆ. ಒಂದು ದಿನದ ಮಟ್ಟಿಗೆ ಎಂದು ಶುರು ಮಾಡಿದ್ದು ಇಡೀ ಸಿನಿಮಾ ಆಯಿತು. ಅವನಿಗೆ ಗೊತ್ತಿಲ್ಲ. ನಡುಕವನ್ನು ನಮ್ಮ ಕೋಣೆ ನೇರ ಮಾಡಿಕೊಂಡಿತು, ಅಡಿಯಲ್ಲಿರುವುದು ತನ್ನದೇ ಗೆರೆ ಎಂದುಕೊಂಡಿದ್ದಾನೆ. ಸಿನಿಮಾ ಮುಗಿದ ದಿನ ನನ್ನ ತಲೆ ಮೇಲೆ ಕೈಯಿಟ್ಟು, "ಕೈ ಇನ್ನೂ ನಡೀತಿದೆ ಕಣೇ" ಅಂದ. ಅದನ್ನು ಕೇಳಿದ ಮೇಲೆ ಬಾಯಿ ಬಿಡುವುದು ಹೇಗೆ?

ಬೀರುವಿನಲ್ಲಿ ಇದ್ದದ್ದು ಅವನವಲ್ಲ. ಕಂಪನಿಯವರು ಹೊತ್ತುಕೊಂಡು ಹೋದದ್ದೆಲ್ಲ ನನ್ನವು.

ನಿಮಗೆ ಹೇಳಿದರೆ ಅಳುತ್ತೀರಿ, ನಿಮ್ಮ ಮುಖ ನೋಡಿದರೆ ಸಾಕು ಅವನಿಗೆ ತಿಳಿಯುತ್ತದೆ. ಹೇಳದೆ ಇರುವುದೂ ಸಾಕಾಗಿದೆ. ಅಂಚೆಗೆ ಹಾಕದ ಕಾಗದಕ್ಕೆ ಸಹಿ ಯಾಕೆ.


ಫೆಬ್ರವರಿ 26

ಪ್ರೀತಿಯ ಗೊಣಗಮ್ಮ,

ನಿನ್ನ ಕಾಗದದ ಒಂದು ಸಾಲು ಓದಿ ನಾನು ಎಷ್ಟು ಹಗುರಾದೆ ಎಂದು ನಿನಗೆ ಗೊತ್ತಿಲ್ಲ. ಯಾಕೆ ಎಂಬುದನ್ನು ಕೊನೆಗೆ ಹೇಳುತ್ತೇನೆ. ಮೊದಲು ಇಲ್ಲಿ ನಡೆದದ್ದು ಕೇಳು.

ಸೋಮವಾರ ಕಂಪನಿಯ ದೊಡ್ಡ ಕೋಣೆಯಲ್ಲಿ ನಿನ್ನಣ್ಣನ ಕಚ್ಚಾ ಚಿತ್ರಗಳನ್ನು ಗೋಡೆಯಷ್ಟು ದೊಡ್ಡದಾಗಿ ತೋರಿಸಿದರು. ಹೆಂಡತಿಯೂ ಬರಲಿ ಎಂದಿದ್ದಕ್ಕೆ ನಾನೂ ಹೋಗಿದ್ದೆ. ಒಂದಾದ ಮೇಲೊಂದು ಕತ್ತೆ. ನನಗೆ ಚಿತ್ರದ ಗಂಧಗಾಳಿ ಇಲ್ಲ, ಆದರೂ ಆ ಕತ್ತೆ ಈಗ ಎದ್ದು ಆಕಳಿಸುತ್ತದೆ ಎನ್ನಿಸುತ್ತಿತ್ತು. ಆಮೇಲೆ ದೊಡ್ಡ ಮೇಡಂ ಎದ್ದು, ಇಷ್ಟು ಜೀವ ಇರುವ ಗೆರೆಯ ಮೇಲೆ ಇನ್ನೊಂದು ಹಾಳೆ ಮುಚ್ಚಿ ಯಾಕೆ ಕೊಲ್ಲುತ್ತೀರಿ, ಮುಂದಿನ ಸಿನಿಮಾ ನೇರವಾಗಿ ಈ ಪೆನ್ಸಿಲ್ಲಿನಿಂದಲೇ ಬರಲಿ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ದಡ್ಡಿ. ಅದರರ್ಥ ನಿನ್ನ ಕೋಣೆಯೇ ಬೇಡ ಎಂದು ಆಮೇಲೆ ಹೊಳೆಯಿತು. ನಿನ್ನವರನ್ನು ಕೆಲಸದಿಂದ ತೆಗೆಯುವುದಿಲ್ಲವಂತೆ. ಕಂಪನಿಯ ಇನ್ನೊಂದು ಕಟ್ಟಡದಲ್ಲಿ ಕಂಪ್ಯೂಟರಿನಲ್ಲಿ ಬಣ್ಣ ತುಂಬುವುದಕ್ಕೆ ಹಾಕುತ್ತಾರಂತೆ. ಕನ್ನಡಕದವರಿಗೆ ಏನು ಹೇಳುತ್ತೀಯೋ, ನನಗಂತೂ ತೋಚುತ್ತಿಲ್ಲ.

ನಿನ್ನಣ್ಣ ತಲೆ ತಗ್ಗಿಸಿಕೊಂಡು ಕೂತಿದ್ದರು. ಹೊಗಳಿಕೆಗೆ ನಾಚಿಕೊಂಡರು ಎಂದುಕೊಂಡೆ. ಮನೆಗೆ ಬಂದು ಬೂಟು ಕೂಡ ಬಿಚ್ಚದೆ ಕೂತು, "ಅವಳು ಯಾವಾಗಿಂದ ಇಷ್ಟು ಚೆನ್ನಾಗಿ ಬರೀತಾಳೆ?" ಅಂದರು. ಯಾರು ಎಂದೆ. ಎದ್ದು ಮುಖ ತೊಳೆಯಲು ಹೋದರು. ದಣಿವಿಗೆ ಏನೋ ಬಡಬಡಿಸಿದರು ಎಂದು ಬಿಟ್ಟೆ.

ಈಗ ನನ್ನ ಹಗುರದ ವಿಷಯ. ಇಷ್ಟು ದಿನ ನಿನ್ನಿಂದ ಮುಚ್ಚಿಟ್ಟಿದ್ದೆ. ನಿನ್ನಣ್ಣನ ಬಲಗೈ ನಡುಗುತ್ತದೆ. ನರದ ಕಾಯಿಲೆ, ವಾಸಿಯಾಗುವುದಿಲ್ಲ, ನಿಧಾನಕ್ಕೆ ಜಾಸ್ತಿಯಾಗುತ್ತದೆ ಎಂದು ಡಾಕ್ಟರು ಹೇಳಿ ಎರಡು ವರ್ಷವಾಯಿತು. ತಂಗಿಗೆ ಹೇಳಕೂಡದು, ಅವಳಿಗೆ ತಿಳಿದರೆ ಒಂದು ಗೆರೆಯನ್ನೂ ನೆಟ್ಟಗೆ ಎಳೆಯಲಾರಳು ಎಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾರೆ. ಅಂಗಿಯ ಗುಂಡಿ ನಾನು ಹಾಕುತ್ತೇನೆ. ಇಂಥ ಕೈಯಿಂದ ಐದು ವರ್ಷಕ್ಕೆ ಬರೆದುಕೊಟ್ಟರೆ ಏನು ಗತಿ ಎಂದು ನಾನು ಸಾಯುತ್ತಿದ್ದೆ. ಕೆಲಸ ಮೊದಲಿಗಿಂತ ಚೆನ್ನಾಗಿದೆ ಎಂದು ನೀನು ಬರೆದೆ, ಗೋಡೆಯ ಮೇಲೆ ನಾನೇ ಕಣ್ಣಾರೆ ನೋಡಿದೆ. ಹಾಗಾದರೆ ಪೆನ್ಸಿಲ್ ಹಿಡಿದಾಗ ಮಾತ್ರ ಆ ಕೈಯ ನಡುಕ ನಿಲ್ಲುತ್ತದೆ, ಅಲ್ಲವೇ? ಹೌದು ಎಂದು ಒಂದು ಸಾಲು ಬರೆ. ಸಹಿ ಹಾಕಿ ಎಂದು ನಾನೇ ಹೇಳುತ್ತೇನೆ.

ನಿನ್ನ ಅತ್ತಿಗೆ


ಮಾರ್ಚ್ 5

ಅತ್ತಿಗೆ,

ಇಲ್ಲ. ಪೆನ್ಸಿಲ್ ಹಿಡಿದಾಗಲೂ ನಿಲ್ಲುವುದಿಲ್ಲ.

ಗೋಡೆಯ ಮೇಲೆ ನೀವು ನೋಡಿದ್ದು ನಾನು ಬರೆದದ್ದು. ಸಿನಿಮಾ ಪೂರ್ತಿ ನಾನೇ ಬರೆದಿದ್ದೇನೆ. ಅವನ ನಡುಕ ಕೋಣೆಯವರ ಕಣ್ಣಿಗೆ ಬೀಳಬಾರದೆಂದು ಅವನ ಹಾಳೆ ಬದಲಿಸಿ ನನ್ನದನ್ನು ಇಡುತ್ತಿದ್ದೆ. ನೀವು ಕೇಳಿದಾಗ ಸುಳ್ಳು ಹೇಳಿದೆ. ನೀವು ನನ್ನಿಂದ ಮುಚ್ಚಿಟ್ಟಿರಿ, ನಾನು ನಿಮ್ಮಿಂದ. ಇಬ್ಬರೂ ಸೇರಿ ಅವನನ್ನು ಚೆನ್ನಾಗಿ ಕಾಪಾಡಿದೆವು.

ಬಡಬಡಿಸಿದ್ದಲ್ಲ ಅದು. ಅವನಿಗೆ ಗೊತ್ತಾಗಿದೆ. ಗೊತ್ತಾಗದೆ ಇರುತ್ತದೆಯೇ? ತನ್ನ ಗೆರೆ ಅಲ್ಲ ಎಂದು ಒಂದು ನೋಟಕ್ಕೆ ಹೇಳುತ್ತಾನೆ. ನಾನು ಆ ಬೀರುವನ್ನು ಯಾರೂ ತೆರೆಯುವುದಿಲ್ಲ ಎಂದು ನಂಬಿಕೊಂಡಿದ್ದೆ. ಕೋಣೆ ಉಳಿಯಲಿ ಎಂದು ಬರೆದೆ, ನಾನು ಬರೆದದ್ದನ್ನು ನೋಡಿಯೇ ಕೋಣೆ ಬೇಡ ಎಂದರು. ಚೆನ್ನಾಗಿ ಬರೆಯಬಾರದಿತ್ತು.

ಈಗ ಮಾಡುವುದು ಒಂದೇ. ಅವನು ಸಹಿ ಹಾಕಲಿ. ಐದು ವರ್ಷ ನಾನೇ ಬರೆಯುತ್ತೇನೆ, ಹೆಸರು ಅವನದೇ ಇರಲಿ. ಅವನು ಬಾಗಿಲು ಹಾಕಿಕೊಂಡು ಒಳಗೆ ಕೂತರೆ ಸಾಕು. ನಮ್ಮವರಿಗೆ ಏನೋ ಒಂದು ಕೆಲಸವಾದರೂ ಇರುತ್ತದೆ. ನನಗೆ ಇದು ರೂಢಿಯಾಗಿದೆ. ಅವನಿಗೆ ನೀವೇ ತಿಳಿಸಿ ಹೇಳಿ, ನನ್ನಿಂದ ಆಗುವುದಿಲ್ಲ.

ನಾದಿನಿ


ಮಾರ್ಚ್ 14

ಗೊಣಗಮ್ಮ,

ತಿಳಿಸಿ ಹೇಳುವ ಕಷ್ಟ ನನಗೆ ಬರಲಿಲ್ಲ. ಕೆಳಗೆ ಕಾವಲಿನವನು ನಿನ್ನ ಕಾಗದವನ್ನು ಇವರ ಕೈಗೆ ಕೊಟ್ಟ. ಲಿಫ್ಟಿನಲ್ಲೇ ಒಡೆದು ಓದಿಕೊಂಡು ಬಂದರು.

ಬೈಯುತ್ತಾರೆ ಎಂದು ಕಾದೆ. ನನ್ನನ್ನೂ ಬೈಯಲಿಲ್ಲ, ನಿನ್ನನ್ನೂ ಬೈಯಲಿಲ್ಲ. ಊಟ ಮಾಡಿದರು. ನೀನು ಹೇಳಿದ ಉಪಾಯವನ್ನು ನಾನು ಎತ್ತಿದೆ. ಹೆಸರು ನಿಮ್ಮದಿರಲಿ, ಅವಳು ಬರೆಯಲಿ, ಯಾರಿಗೆ ನಷ್ಟ ಎಂದೆ. ನಿಜ ಹೇಳುತ್ತೇನೆ, ನನಗೂ ಅದು ಸರಿ ಎನ್ನಿಸಿತ್ತು. ಸುಸ್ತಾದವರಿಗೆ ಎಲ್ಲ ಸುಳ್ಳೂ ಸರಿ ಎನ್ನಿಸುತ್ತದೆ.

ಆಗ ಹೇಳಿದರು, ಆ ಸಿನಿಮಾ ನೋಡಲು ಇವರು ಟಿಕೆಟ್ ಕೊಂಡು ಒಬ್ಬರೇ ಹೋಗುತ್ತಿದ್ದರಂತೆ. ನನಗೆ ಗೊತ್ತೇ ಇರಲಿಲ್ಲ. ಹಿಂದಿನ ಸಾಲಿನಲ್ಲಿ ಕೂತು, ಇಷ್ಟು ನಡುಗಿದರೂ ಇಷ್ಟು ಬಂದಿದೆಯಲ್ಲ ಎಂದು ಖುಷಿಪಡುತ್ತಿದ್ದರಂತೆ. ಅದರಲ್ಲಿ ತಮ್ಮ ಗೆರೆ ಒಂದೂ ಇರಲಿಲ್ಲ ಎನ್ನುವುದು ಅವರಿಗೆ ಈಗ ತಿಳಿಯಿತು. ಕೈ ನಡುಗುವುದು ಗೊತ್ತಾದ ದಿನವೂ ಅವರ ಮುಖ ಹೀಗಿರಲಿಲ್ಲ. ನಿನ್ನ ಮೇಲೆ ನನಗೆ ಸಿಟ್ಟು ಬಂತು, ಬರೆಯದೆ ಇರಲಾರೆ.

ಅವರು ನಿನ್ನನ್ನು ಕೇಳು ಎಂದದ್ದು ಒಂದೇ. "ನನ್ನವೆಲ್ಲ ಎಲ್ಲಿ?" ಆ ಎರಡು ವರ್ಷ ಬರೆದ ಹಾಳೆಗಳಲ್ಲಿ ಒಂದನ್ನು ನೋಡಬೇಕಂತೆ. ಕಳಿಸಿಕೊಡು.

ಅತ್ತಿಗೆ


ಮಾರ್ಚ್ 21

ಗೊಣಗಮ್ಮ,

ನಿನ್ನಿಂದ ಉತ್ತರವಿಲ್ಲ. ಸಿಟ್ಟೆಂದು ಬರೆದೆನಲ್ಲ, ಅದು ಆಗಲೇ ಇಳಿಯಿತು. ನನ್ನ ಸಿಟ್ಟು ಎಷ್ಟು ಹೊತ್ತು ಇರುತ್ತದೆ ಎಂದು ನಿನಗೆ ಗೊತ್ತಿಲ್ಲವೇ?

ನಿನ್ನೆ ಸಹಿಯ ಮೇಜಿನಲ್ಲಿ ಇವರು ಪೆನ್ನು ತೆಗೆದುಕೊಳ್ಳಲಿಲ್ಲ. ಬಲಗೈಯನ್ನು ಮೇಜಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇಟ್ಟರು. "ನೀವು ನೋಡಿದ್ದು ನನ್ನ ಗೆರೆಯಲ್ಲ, ನನ್ನ ತಂಗೀದು" ಅಂದರು. ನಮ್ಮ ವಕೀಲರಿಗೆ ಎಚ್ಚರವಾಯಿತು. ವ್ಯಾಪಾರ ಮುರಿಯಿತು, ಇನ್ನು ಗಂಟು ಕಟ್ಟುವುದೇ ಎಂದು ನಾನು ಮನಸ್ಸಿನಲ್ಲೇ ಬಟ್ಟೆ ಮಡಿಸತೊಡಗಿದೆ. ದೊಡ್ಡ ಮೇಡಂ ಇವರ ಕೈಯನ್ನು ನೋಡಿದರು, ಬೇಸರವಾಯಿತು ಎಂದರು, ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು. ಒಂದು ಸುತ್ತು ಚಹಾ ಬಂದು ಹೋಗುವಷ್ಟರಲ್ಲಿ ಕಾಗದದಲ್ಲಿ ಇವರ ಹೆಸರಿದ್ದ ಕಡೆಯೆಲ್ಲ ನಿನ್ನ ಹೆಸರು ಬಂತು. ಬದುಕಿಡೀ ಬರೆದವರ ಹೆಸರು ಹೋಗಲು ಅಷ್ಟೇ ಹೊತ್ತು ಸಾಕಾಯಿತು. ಮನೆಗೆ ಬರುವಾಗ ಇವರು ಅದನ್ನೇ ಹೇಳಿ ನಕ್ಕರು. ನನಗೆ ನಗು ಬರಲಿಲ್ಲ.

ನಿನ್ನವರಿಗೆ ಐದು ವರ್ಷದ ಕೆಲಸ ಖಂಡಿತ, ಆದರೆ ಆ ಇನ್ನೊಂದು ಕಟ್ಟಡದಲ್ಲೇ. ಅದನ್ನು ಬದಲಿಸಲು ಇವರಿಂದ ಆಗಲಿಲ್ಲ. ನೀನು ಸಹಿ ಹಾಕದಿದ್ದರೆ ಏನೂ ಇಲ್ಲ. ವಕೀಲರು ಕಾಗದ ಹಿಡಿದುಕೊಂಡು ನಿನ್ನ ಹತ್ತಿರ ಬರುತ್ತಾರೆ. ನಿನಗೆ ಹೇಗೆ ತೋಚುತ್ತದೋ ಹಾಗೆ ಮಾಡು, ನನಗಾಗಿ ಮಾಡಬೇಡ ಎಂದು ನಿನಗೆ ತಿಳಿಸಲು ಇವರು ಹೇಳಿದ್ದಾರೆ.

ಹಾಳೆ ಸಿಕ್ಕಿತೇ? ದಿನಾ ಕಾವಲಿನವನನ್ನು ವಿಚಾರಿಸಿಕೊಂಡು ಬರುತ್ತಾರೆ.

ಅತ್ತಿಗೆ


ಮಾರ್ಚ್ 30

ಅತ್ತಿಗೆಗೆ ನಮಸ್ಕಾರ.

ಸಹಿ ಹಾಕಿದೆ. ಕೋಣೆಯವರನ್ನೆಲ್ಲ ಕೂರಿಸಿಕೊಂಡು ನಡೆದದ್ದನ್ನು ನಡೆದ ಹಾಗೆ ಹೇಳಿ, ಅವರನ್ನು ಕೇಳಿಯೇ ಹಾಕಿದೆ. ಯಾರೂ ಬೇಡ ಎನ್ನಲಿಲ್ಲ. ಬಾಡಿಗೆ ಕಟ್ಟುವವರು, ಮಕ್ಕಳನ್ನು ಓದಿಸುವವರು ಬೇಡ ಎನ್ನುವುದು ಹೇಗೆ? ಕನ್ನಡಕದವರು ಎದ್ದು ಬಂದು ನನಗೆ ಅಭಿನಂದನೆ ಹೇಳಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ದೀಪದ ಗಾಜುಗಳನ್ನು ನಿನ್ನೆ ಬಿಚ್ಚಿದರು. ಮೇಜುಗಳ ಮೇಲೆ ದೊಡ್ಡ ದೊಡ್ಡ ತೂತು ಉಳಿದಿವೆ.

ಮುಂದಿನ ಸಿನಿಮಾದಲ್ಲಿ ನನ್ನ ಹೆಸರು ಮೊದಲು ಬರುತ್ತದಂತೆ. ಕೇಳಿ ಸಂತೋಷವಾಯಿತು, ಇಲ್ಲವೆಂದರೆ ಸುಳ್ಳು. ಆ ಸಂತೋಷ ಯಾರ ಎದುರಿಗೂ ತೋರಿಸುವ ಹಾಗಿಲ್ಲ, ಅದಕ್ಕೆ ನಿಮಗೆ ಬರೆದೆ.

ಅಣ್ಣನ ಹಾಳೆಗಳು ಇಲ್ಲ. ಒಂದೂ ಇಲ್ಲ. ಇದನ್ನು ಬರೆಯಲಾರದೆಯೇ ಇಷ್ಟು ದಿನ ಸುಮ್ಮನಿದ್ದೆ. ನಮ್ಮಲ್ಲಿ ಕೆಟ್ಟ ಹಾಳೆಗಳನ್ನೆಲ್ಲ ತಿಂಗಳಿಗೊಮ್ಮೆ ರದ್ದಿಗೆ ಹಾಕುತ್ತೇವೆ. ಮನೆಗೆ ಒಯ್ದರೆ ಯಾರಾದರೂ ನೋಡಿಯಾರು, ಸ್ಟುಡಿಯೋದಲ್ಲಿ ಇಟ್ಟರೆ ಸಿಕ್ಕಿಬಿದ್ದೀತು ಎಂದು ಅವನ್ನೂ ಅದರೊಳಗೆ ಸೇರಿಸಿ ಹಾಕುತ್ತಿದ್ದೆ. ಅವು ಮುಂದೆ ಒಂದು ದಿನ ಬೇಕಾಗುತ್ತವೆ ಎಂದು ಒಂದು ಸಲವೂ ನನಗೆ ಅನ್ನಿಸಲಿಲ್ಲ ಅತ್ತಿಗೆ. ಕೆಟ್ಟವು, ನಾನು ಸರಿ ಮಾಡಿ ಆಯಿತಲ್ಲ ಎಂದೇ ಅಂದುಕೊಂಡೆ.

ಮೊನ್ನೆ ಇನ್ನೊಂದು ಕೆಲಸ ಮಾಡಿದೆ. ಅವನ ನಡುಕ ನನಗೆ ಬಾಯಿಪಾಠವಾಗಿದೆ, ಎಲ್ಲಿ ಜಾರುತ್ತದೆ, ಎಲ್ಲಿ ಒತ್ತಿ ನಿಲ್ಲಿಸುತ್ತಾನೆ, ಎಲ್ಲ. ಕೂತು ಹಾಗೆಯೇ ಒಂದು ಕತ್ತೆ ಬರೆದೆ. ಥೇಟ್ ಅವನದೇ. ಕಳಿಸಿದ್ದರೆ ಅವನಿಗೂ ಗೊತ್ತಾಗುತ್ತಿರಲಿಲ್ಲ, ಇನ್ನು ಕಾವಲಿನವನನ್ನು ಕೇಳುವುದೂ ತಪ್ಪುತ್ತಿತ್ತು. ಲಕೋಟೆಗೆ ಹಾಕಿ ವಿಳಾಸವನ್ನೂ ಬರೆದೆ. ಆಮೇಲೆ ಹರಿದುಹಾಕಿದೆ.

ನಮ್ಮ ಕೋಣೆಯ ಕೊನೆಯ ಕಟ್ಟಿನಿಂದ ಒಂದು ಖಾಲಿ ಹಾಳೆ ಕಳಿಸುತ್ತಿದ್ದೇನೆ. ಅವನಿಗೆ ಮನಸ್ಸಾದರೆ ಒಂದು ಬರೆಯಲಿ. ಹೇಗೆ ಬಂದರೂ ಹಾಗೇ ಕಳಿಸಿ. ಈ ಸಲ ನಾನು ಮುಟ್ಟುವುದಿಲ್ಲ, ಹಾಗಂತ ಅವನಿಗೆ ಹೇಳಿ.

ನಾದಿನಿ


ಏಪ್ರಿಲ್ 12

ಪ್ರೀತಿಯ ಗೊಣಗಮ್ಮ,

ರದ್ದಿಯ ವಿಷಯ ಇವರಿಗೆ ಓದಿ ಹೇಳಿದೆ. ಮುಚ್ಚಿಡುವುದು ಸಾಕು ಎಂದು ಪೂರ್ತಿ ಓದಿದೆ, ನೀನು ಬರೆದು ಹರಿದದ್ದನ್ನೂ. ಎದ್ದುಹೋಗಿ ಆ ತೆರೆಯದ ಕಿಟಕಿಯ ಹತ್ತಿರ ನಿಂತುಕೊಂಡರು.

ನಿನ್ನ ಹಾಳೆ ಊಟದ ಮೇಜಿನ ಮೇಲೆ ಬಿದ್ದಿತ್ತು. ನಾನು ಎತ್ತಿಟ್ಟು ಮೇಜು ಒರೆಸುವುದು, ಮತ್ತೆ ಅಲ್ಲೇ ಇಡುವುದು, ಹೀಗೇ ನಡೆದಿತ್ತು. ಬರುವ ವಾರ ಈ ಮನೆ ಬಿಡಬೇಕು. ನಿನ್ನೆ ಮಧ್ಯಾಹ್ನ ಪೆಟ್ಟಿಗೆಗೆ ಬಟ್ಟೆ ತುಂಬುತ್ತಿದ್ದೆ, ತಿರುಗಿ ನೋಡಿದರೆ ಪೆನ್ಸಿಲ್ ಹಿಡಿದು ಕೂತಿದ್ದಾರೆ. ನಾನು ಸದ್ದು ಮಾಡದೆ ಅಡುಗೆಮನೆಗೆ ಹೋದೆ. ನಡುವೆ ಎರಡು ಸಲ ಎದ್ದು ಓಡಾಡಿದರು, ಒಂದು ಸಲ ಜೋರಾಗಿ ಬೈದುಕೊಂಡರು. ಸಂಜೆ ದೀಪ ಹಾಕಲು ಹೋದಾಗ ಮುಗಿದಿತ್ತು.

ಚೆನ್ನಾಗಿ ಬಂದಿಲ್ಲ. ನನಗೇ ಗೊತ್ತಾಗುತ್ತದೆ ಎಂದ ಮೇಲೆ ಹೇಗಿರಬೇಕು ನೋಡು. ಆದರೂ ಚೆನ್ನಾಗಿದೆ ಎಂದೆ. "ಸುಳ್ಳು ಹೇಳೋಕೆ ಮನೇಲಿ ಅವಳೊಬ್ಬಳು ಸಾಕು" ಅಂದರು. ನಗುತ್ತಿದ್ದರೋ ಇಲ್ಲವೋ ಕತ್ತಲಲ್ಲಿ ಕಾಣಲಿಲ್ಲ.

ನೀನು ಮುಟ್ಟುವುದಿಲ್ಲ ಎಂದು ಬರೆದದ್ದನ್ನು ಮತ್ತೆ ನೆನಪಿಸಿದೆ. ಹಾಳೆಯನ್ನು ನನ್ನ ಕಡೆಗೆ ಸರಿಸಿದರು.

"ಎಡಗಿವಿ ಕೆಟ್ಟಿದೆ. ಅವಳಿಗೆ ಕಳಿಸು, ಸರಿ ಮಾಡ್ತಾಳೆ."

ಹಾಳೆ ಇದರ ಜೊತೆಗಿದೆ.

ನಿನ್ನ ಅತ್ತಿಗೆ